ಹಳೆ ಖಣಿಯಲ್ಲಿ ನನ್ನ ಆಳಿಲ್ಲದ ದೋಣಿ

ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟವನು. ಆದರೆ ಭಂಕೂರ ಸುತ್ತಲಿನ ಯಾವ ಫರಸಿ ಕಲ್ಲಿನ ಪಾಲಿಶ್ ಮಶೀನೂ ನನ್ನ ಕೈ ತಾಗದೆ ತಿರುಗುವುದಿಲ್ಲ. ಹೀಗಿರುವಾಗ, ನೌಕಾಪಡೆಯಲ್ಲಿರುವ ನನ್ನ ಹೆಂಡತಿಯ ತಮ್ಮ ಸಂಗಮೇಶ ರಜೆಗೆ ಬಂದು, ದೂರದಿಂದಲೇ ನಡೆಸುವ ಆಳಿಲ್ಲದ ದೋಣಿಗಳ ಮಾತೆತ್ತಿದರೆ ಸುಮ್ಮನಿರಲು ಸಾಧ್ಯವೇ? ಅವು ಕಾವಲು ಕಾಯುತ್ತವಂತೆ, ನೀರೊಳಗಿನ ಸಿಡಿಮದ್ದು ಹುಡುಕುತ್ತವಂತೆ. ಇನ್ನೂ ಎಷ್ಟೋ ಕೆಲಸಕ್ಕೆ ಹಚ್ಚಬಹುದಂತೆ.

"ಹಡಗಿಗಿ ಬುತ್ತಿ ಒಯ್ಯಲಿಕ್ಕ ಹಚ್ಚಬೇಕಪ್ಪ. ನಾ ಮಾಡಿ ತೋರಿಸ್ತೀನಿ, ನಿಮ್ಮ ಸಾಹೇಬ್ರಿಗಿ ಹೇಳು," ಎಂದೆ.

ಎರಡೇ ದಿನದಲ್ಲಿ ದೋಣಿ ಸಿದ್ಧ! ನಾಲ್ಕು ಪ್ಲಾಸ್ಟಿಕ್ ಕ್ಯಾನು, ಒಂದು ಹಲಗೆ, ಮೋಟಾರು, ಬ್ಯಾಟರಿ, ಆಟಿಕೆ ಕಾರಿನ ರಿಮೋಟು. ದೋಣಿಯ ಮುಖದಲ್ಲಿ ಕಣ್ಣಾಗಿ ಹೆಂಡತಿ ಶರಣಮ್ಮನ ಹೊಸ ಫೋನು. ಅದರಿಂದ ನನ್ನ ಫೋನಿಗೆ ವಿಡಿಯೋ ಕಾಲ್. ಕೊಡುವಾಗ ಆಕೆ ಹೇಳಿದ್ದು ಒಂದೇ ಮಾತು: "ಫೋನ್ ಮುಳುಗಿದ್ರ ನೀವೂ ಮ್ಯಾಲ ಬರಬ್ಯಾಡ್ರಿ."

ನೀರು ತುಂಬಿದ ಹಳೆ ಕಲ್ಲಿನ ಖಣಿಯೇ ಸಮುದ್ರ. ಆಚೆ ದಂಡೆಯಲ್ಲಿ ಕುಳಿತ ಸಂಗಮೇಶನೇ ಹಡಗು. ದೋಣಿಯ ಮೇಲೆ ಅವನಿಗಾಗಿ ರೊಟ್ಟಿ, ಪುಂಡಿಪಲ್ಯದ ಗಂಟು. ದೋಣಿ ಸ್ವಲ್ಪ ಅಲುಗಾಡಿತು. ಅಲುಗಾಡಿದ್ದಕ್ಕೆಲ್ಲ ಫರಸಿ ತುಂಡು ಇಡುವುದು ನಮ್ಮ ಕಡೆಯ ಪದ್ಧತಿ, ಇಟ್ಟೆ. ಹೊಸ ಮಶೀನನ್ನು ಪೂಜೆಯಿಲ್ಲದೆ ಚಾಲೂ ಮಾಡಿದವನಲ್ಲ ನಾನು. ಕಾಯಿ ಒಡೆದು, ದೋಣಿಯ ಮುಖಕ್ಕೆ ಭಕ್ತಿಯಿಂದ ಮೂರು ಬೆರಳು ವಿಭೂತಿ ಎಳೆದೆ.

ದೋಣಿ ಹೊರಟಿತು! ನನ್ನ ಫೋನಿನಲ್ಲಿ ಮಾತ್ರ ಎಲ್ಲ ಬೆಳ್ಳಗೆ.

"ಸಮುದ್ರದಾಗ ಮಂಜು ಬಿದ್ದದ," ಎಂದು ಗಂಭೀರವಾಗಿ ಘೋಷಿಸಿದೆ.

ಪಕ್ಕದಲ್ಲಿ ನಿಂತಿದ್ದ ಶರಣಮ್ಮ ಸೆರಗು ತಲೆಗೆಳೆದುಕೊಂಡು ಸುಡುವ ಬಿಸಿಲನ್ನೊಮ್ಮೆ ನೋಡಿದಳು. "ಈ ಉರಿಯಾಗ ಮಂಜು? ವಿಭೂತಿ ಎಲ್ಲಿ ಹಚ್ಚೀರಿ, ನೆನಪ ಮಾಡ್ಕೋರಿ."

ಹಚ್ಚಿದ್ದು ಕ್ಯಾಮೆರಾಕ್ಕೇ!

ಕಣ್ಣೆತ್ತಿ ದೋಣಿಯನ್ನೇ ನೋಡಬಹುದಿತ್ತು. ಆದರೆ ನೌಕಾಪಡೆಯವರು ಹಾಗೆ ನೋಡುತ್ತಾರೆಯೇ? ಕೊನೆಗೂ ನೋಡಿದಾಗ ದೋಣಿ ಬಂಡೆಗೆ ಗುದ್ದಿತ್ತು. ಫರಸಿ ತುಂಡು ಒಂದು ಬದಿಗೆ ಜಾರಿ, ದೋಣಿ ವಾಲಿ, ಫೋನು ನೀರಿನಿಂದ ಒಂದೇ ಗೇಣು ಮೇಲಿತ್ತು. ಹೆಂಡತಿಯ ಮಾತು ನೆನಪಾಗಿ, ಉಟ್ಟ ಬಟ್ಟೆಯಲ್ಲೇ ಹಾರಿದೆ. ಆಕೆಯ ಫೋನನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದರಿಂದ ದೋಣಿ ದಬ್ಬುತ್ತ ಸಂಗಮೇಶನನ್ನು ತಲುಪಿದೆ. ಫೋನು ಉಳಿಯಿತು. ರೊಟ್ಟಿ ಅಂಬಲಿಯಾಗಿತ್ತು. ಹಾರುವ ಮೊದಲು ಅಂಗಿಯ ಕಿಸೆಗೆ ತುರುಕಿದ್ದ ನನ್ನ ಸ್ವಂತ ಫೋನು ನೀರು ಕುಡಿದು ಅಲ್ಲೇ ಇತ್ತು!

"ಮಾಮಾ, ಸಾಹೇಬ್ರಿಗಿ ಏನಂತ ಹೇಳ್ಲಿ?" ಎಂದ ಸಂಗಮೇಶ.

"ಆಳಿಲ್ಲದ ದೋಣಿ ಭಾಳ ಚಲೋ ಅದ. ಖರೇ, ದಬ್ಬಲಿಕ್ಕ ಈಜು ಬರೋ ಆಳೊಬ್ಬ ಬೇಕು ಅಂತ ಹೇಳು."

ಅಷ್ಟರಲ್ಲಿ ದಂಡೆ ಸುತ್ತಿ ಬಂದ ಶರಣಮ್ಮ ಫೋನಿನ ವಿಭೂತಿ ಒರೆಸಿ, ಅದೇ ಬೆರಳನ್ನು ನನ್ನ ಹಣೆಗೆ ಎಳೆದಳು. ಮಶೀನಿಗಿಂತ ಮೊದಲು ನಡೆಸುವವನಿಗೆ ಪೂಜೆ ಆಗಬೇಕಿತ್ತಂತೆ!