ಹಸುವಿನ ಮೇಲೆ ಬಂದ ಅನುಮಾನ

ಪಥ್ಯ ಹಿಡಿದವರ ಮನೆಯಲ್ಲಿ ನಗುವ ಪ್ರಸಂಗಗಳಿಗೆ ಬರವಿಲ್ಲ. ನಗುವುದು ಆಮೇಲೆ. ಆ ಹೊತ್ತಿಗೆ ಯಾರೂ ನಗುವುದಿಲ್ಲ.

ಅನುಮಾನ

ನನ್ನ ಹೆಂಡತಿಗೆ ಪಿತ್ತಗಂದೆ. ಮೈಮೇಲೆ ದಪ್ಪ ದದ್ದು, ಉರಿ, ತುರಿಕೆ. ಮಾತ್ರೆ ನುಂಗಿದರೆ ಅಡಗುತ್ತಿತ್ತು, ಬಿಟ್ಟರೆ ಏಳುತ್ತಿತ್ತು. ಯಾವುದೋ ಆಹಾರ ಒಗ್ಗುತ್ತಿಲ್ಲ ಅಂದರು ಹೊಸಕೋಟೆಯ ಡಾಕ್ಟರು. ಹಾಲು, ಮೊಟ್ಟೆ, ಗೋಧಿ, ಕಡಲೆಕಾಯಿ ಎಲ್ಲ ಬಿಡಿ, ಮೈ ತಿಳಿಯಾದ ಮೇಲೆ ಒಂದೊಂದಾಗಿ ತಿಂದು ನೋಡೋಣ, ಕಳ್ಳ ಸಿಗುತ್ತಾನೆ ಅಂದರು.

"ನಮ್ಮ ಮನೆ ಹಸುವಿನ ಹಾಲೂನಾ?"

"ಹಾಲು ಅಂದ್ರೆ ಹಾಲೇ ಅಮ್ಮ."

ಆ ಹಸುವನ್ನು ಕರುವಾಗಿದ್ದಾಗಿನಿಂದ ಸಾಕಿದವಳು ಅವಳು. ಮನೆಗೆ ಬಂದವಳೇ ಕೊಟ್ಟಿಗೆಗೆ ಹೋಗಿ, "ಹಾಲೇ ಕಳ್ಳ ಅಂತಾದ್ರೆ ನಿನ್ನ ಮಾರ್ಬೇಕಾಗುತ್ತೆ ಕಣೇ" ಅಂದಳು. ಮಾರುವ ಮಾತು ಡಾಕ್ಟರು ಆಡಿರಲಿಲ್ಲ. ಹಾಲು ಕೈಗೆ ತಾಗಿದರೂ ಗಂದೆ ಏಳುತ್ತೆ ಅಂತ ಅವಳೇ ತೀರ್ಮಾನಿಸಿದ್ದಳು. ನನ್ನನ್ನು ಕೇಳಲಿಲ್ಲ. ಹಸುವನ್ನು ಕೇಳಿದ್ದಳಲ್ಲ.

ಪ್ರಸಾದ

ಎಲ್ಲ ಬಿಟ್ಟರೂ ಗಂದೆ ಬಿಡಲಿಲ್ಲ. ಏನೇನು ತಿಂದಿರಿ ಅಂತ ಡಾಕ್ಟರು ಕೇಳಿದರು. ರಾಗಿಮುದ್ದೆ, ಸೊಪ್ಪಿನ ಸಾರು, ಅನ್ನ. ಬೇರೆ? ಬೇರೇನೂ ಇಲ್ಲ. ಆಗ ನಾನು ಬಾಯಿ ಬಿಟ್ಟೆ. ಶನಿವಾರ ಹನುಮಂತರಾಯನ ಗುಡಿಯ ಪುಳಿಯೋಗರೆ, ಅದರ ತುಂಬ ಕಡಲೆಕಾಯಿ ಬೀಜ. ಸೋಮವಾರ ಈಶ್ವರನ ಗುಡಿಯ ಪಂಚಾಮೃತ.

"ಅದು ಪ್ರಸಾದ. ಅದನ್ನ ತಿಂದಿದ್ದು ಅಂತ ಯಾರಾದ್ರೂ ಅಂತಾರಾ?" ಅಂದಳು ಹೆಂಡತಿ.

ಡಾಕ್ಟರ ಹಣೆಯಲ್ಲೂ ಕುಂಕುಮವಿತ್ತು. ವಾದಕ್ಕೆ ಇಳಿಯಲಿಲ್ಲ. ಕಣ್ಣಿಗೊತ್ತಿಕೊಂಡು ಯಜಮಾನರ ಕೈಗೆ ಕೊಡಿ ಅಂದರು.

ಅಂದಿನಿಂದ ಪುಣ್ಯ ಅವಳಿಗೆ, ಪುಳಿಯೋಗರೆ ನನಗೆ.

ಹಕ್ಕುದಾರರು

ಎದುರುಮನೆಯಾಕೆ ಇದು ನಾಗದೋಷ ಅಂದಿದ್ದರು. ಅವರ ಸಮಾಧಾನಕ್ಕೆ ಹೆಂಡತಿ ಕೈಗೆ ತಾಗದ ಹಾಗೆ ಹುತ್ತಕ್ಕೆ ಹಾಲೆರೆದೂ ಬಂದಿದ್ದಳು. ಈಗ ಮೈ ತಿಳಿಯಾಯಿತು. ಪಥ್ಯದಿಂದ ಅಂದರು ಡಾಕ್ಟರು. ಹುತ್ತದಿಂದ ಅಂದರು ಎದುರುಮನೆಯಾಕೆ. ರೋಗ ಒಬ್ಬರದು, ಗುಣ ಎಲ್ಲರದು. ಹನುಮಂತರಾಯನ ಗುಡಿಯ ಅರ್ಚಕರು, ಎಲ್ಲ ಪ್ರಸಾದದ ಮಹಿಮೆ ಅಲ್ಲವಾ ಅಂತ ನನ್ನನ್ನೇ ಕೇಳಿದರು. ಸುಮ್ಮನೆ ತಲೆಯಾಡಿಸಿದೆ. ಬಾಯಲ್ಲಿ ಪುಳಿಯೋಗರೆ ಇತ್ತು.

ಸಂತೋಷ

ಒಂದೊಂದೇ ತಿಂದು ನೋಡುವ ಸರದಿ ಬಂತು. ಹಾಲನ್ನು ಅವಳು ಕೊನೆಗೆ ತಳ್ಳಿದಳು. ಗೋಧಿಗೆ ಏನೂ ಆಗಲಿಲ್ಲ. ಮೊಟ್ಟೆಗೂ ಇಲ್ಲ. ಅನುಮಾನ ಹಾಲಿನ ಹತ್ತಿರ ಬಂದ ಹಾಗೆಲ್ಲ ಅವಳ ಮುಖ ಸಣ್ಣದಾಗುತ್ತಾ ಹೋಯಿತು. ಕಡಲೆಕಾಯಿ ಮಾತ್ರ ಮನೆಯಲ್ಲಿ ಬೇಡ, ಉಸಿರಿಗೆ ತೊಂದರೆಯಾದರೆ ಕಷ್ಟ ಅಂತ ಡಾಕ್ಟರು ತಮ್ಮ ಕಣ್ಣೆದುರೇ ತಿನ್ನಿಸಿ, ಅಲ್ಲೇ ಬೆಂಚಿನ ಮೇಲೆ ಕೂರಿಸಿದರು. ಸ್ವಲ್ಪ ಹೊತ್ತಿಗೆ ತೋಳಿನ ಮೇಲೆ ದದ್ದು ಎದ್ದವು.

"ರೀ, ಬಂತು" ಅಂದಳು. ನಮ್ಮ ಮದುವೆಯ ದಿನವೂ ಆ ಮುಖ ಅಷ್ಟು ಅರಳಿರಲಿಲ್ಲ. ಪಕ್ಕದಲ್ಲಿ ಕೂತಿದ್ದವರು ನನ್ನ ಕೈ ಕುಲುಕಿ, ಮೊಮ್ಮಗುವಾ ಸಾರ್ ಅಂದರು.

"ಗಂದೆ" ಅಂದೆ.

ಔಷಧಿ ಚೀಟಿ

ಇಬ್ಬರು ಕಳ್ಳರೂ ಇರಬಹುದು, ಹಾಲೂ ನೋಡಲೇಬೇಕು ಅಂದರು ಡಾಕ್ಟರು. ಆ ದಿನ ಬಂದಾಗ ಅವಳು ತನ್ನ ಹಸುವಿನ ಹಾಲನ್ನೇ ಕಾಯಿಸಿ ಫ್ಲಾಸ್ಕಿನಲ್ಲಿ ತಂದಳು. ಕುಡಿದು ಕಣ್ಣು ಮುಚ್ಚಿ ಕೂತಳು. ತೋಳು ನೋಡಲು ಬಗ್ಗಿದೆ. ನೀವು ನೋಡಿದ್ರೇ ಏಳುತ್ತೆ, ಆ ಕಡೆ ತಿರುಗಿ ಅಂದಳು. ತಿರುಗಿದೆ. ಏಳಲಿಲ್ಲ. ಮರುದಿನವೂ ಏಳಲಿಲ್ಲ. ಹಸು ಉಳಿಯಿತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹಸು ಹಾಲು ಕಡಿಮೆ ಮಾಡಿತು. ದನದ ಡಾಕ್ಟರನ್ನು ಕರೆಸಿದೆವು. ಅವರು ಮೇವು ವಿಚಾರಿಸಿದರು. ಹಿಂಡಿ ನಿಲ್ಲಿಸಿದೀನಿ ಅಂದಳು.

"ಯಾಕಮ್ಮ?"

"ಅದು ಕಡಲೆಕಾಯಿ ಹಿಂಡಿ. ಕಡಲೆಕಾಯಿ ಆಗಲ್ಲ."

"ಹಸುಗಾ?"

"ನನಗೆ."

ಅವರು ಹಸುವಿನ ಬೆನ್ನು ಸವರಿದರು. ಚೀಟಿ, ಪೆನ್ನು ತೆಗೆದರು. ಬರೆಯುವ ಮೊದಲು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು.

"ಯಾರ ಹೆಸರಿಗೆ ಬರೀಲಿ ಸಾರ್?"