ಪೂಜೆಯ ದಿನ ಮಿಷನ್ನಿಗೂ ರಜೆ

ಹೇಳಬೇಕು, ಹೇಳಬೇಕು ಎಂದುಕೊಂಡೇ ಇದನ್ನು ಮುಂದೂಡುತ್ತ ಬಂದೆ. ನಮ್ಮ ಅಕ್ಕನ ಮಗನಿಗೆ ತಲೆ ಕೆಟ್ಟಿದೆ ಎಂದು ಡೊಂಬಿವಲಿಯ ನಮ್ಮವರಲ್ಲಿ ಅರ್ಧ ಜನ ನಂಬಿದ್ದಾರೆ. ಉಳಿದರ್ಧ ಜನ ಅವನನ್ನು ಇನ್ನೂ ನೋಡಿಲ್ಲ.

ವಾಗ್ಳೆ ಎಸ್ಟೇಟಿನ ಒಂದು ಆಫೀಸಿನಲ್ಲಿ ನಿಧಾನವಾದ ಸಾಫ್ಟ್‌ವೇರನ್ನು ಚುರುಕು ಮಾಡುವುದು ಅವನ ಕೆಲಸವಾಗಿತ್ತು. ಸಂಜೆ ಮನೆಗೆ ಬರುವಾಗ ಆ ಕೆಲಸವನ್ನು ಅಲ್ಲೇ ಬಿಟ್ಟು ಬಂದಿದ್ದರೆ ಆಗುತ್ತಿತ್ತು. ನಿಧಾನವಾದದ್ದು ಎಲ್ಲಿ ಕಂಡರೂ ಅವನ ಕೈ ತುರಿಸುತ್ತದೆ. ಅಕ್ಕ ಮೆಂತೆ ಹುಡುಕಲು ಡಬ್ಬಿಗಳನ್ನು ಒಂದೊಂದಾಗಿ ತೆರೆಯುವುದನ್ನು ನೋಡಲಾರದೆ ಎಲ್ಲಕ್ಕೂ ಚೀಟಿ ಅಂಟಿಸಿದ. "ಚೀಟಿ ಸರಿ ಮಾರಾಯ, ಅದನ್ನು ಓದುವ ಕನ್ನಡಕ ಯಾವ ಡಬ್ಬಿಯಲ್ಲಿ ಉಂಟು?" ಎಂದಳು ಅಕ್ಕ.

ನನ್ನ ಹೋಟೆಲಿಗೆ ಬಂದರೆ, ಒಬ್ಬೊಬ್ಬರ ಆರ್ಡರಿಗೂ ಒಂದೊಂದು ಸಲ ಒಳಗೆ ಓಡುವ ವೇಟರನ್ನೇ ತಡೆಯುತ್ತಿದ್ದ. "ಚಾರ್ ಲೋಗ್, ತೋ ಚಾರ್ ಬಾರ್ ಅಂದರ್ ಕಾಯ್ಕೋ? ಏಕ್ ಸಾಥ್ ಬೋಲೋ." ವೇಟರ್ ನನ್ನ ಕಡೆ ತಿರುಗಿ, "ಸೇಠ್, ಯೇ ಗಿರಾಕಿ ಹೈ ಯಾ ಇನ್ಸ್‌ಪೆಕ್ಟರ್?" ಎಂದು ಕೇಳಿದ.

ನಮ್ಮ ಕಂಪ್ಯೂಟರ್ ಒಂದು ಬಿಲ್ ಕೊಡುವಷ್ಟರಲ್ಲಿ ಗಿರಾಕಿ ಇನ್ನೊಂದು ಚಹಾ ಕುಡಿದು ಮುಗಿಸುತ್ತಿದ್ದ.

"ಮಾವ, ಇದು ಪ್ರತಿ ಸಲ ಹೋಟೆಲ್ ಶುರುವಾದ ದಿನದ ಬಿಲ್ಲಿನಿಂದ ಹುಡುಕ್ತಾ ಬರ್ತದೆ. ಅಮ್ಮನ ಡಬ್ಬಿಗಳ ಹಾಗೆ."

"ಹುಡುಕಲಿ ಬಿಡು, ಸುಮ್ನೆ ಕೂತು ಏನು ಮಾಡ್ತದೆ?" ಎಂದೆ. ನನಗೆ ಅರ್ಥವಾಗಿರಲಿಲ್ಲ. ಈಗಲಾದರೂ ಆಗಿದೆಯೇ?

ಆಗ ಅವನು ಕೆಲಸ ಬಿಟ್ಟು ಸ್ವಂತ ಧಂದೆ ಶುರು ಮಾಡುವವನಿದ್ದ. ನಮ್ಮ ಬಿಲ್ಲಿನ ಮಿಷನ್ ಚುರುಕಾದರೆ ತಮ್ಮ ಎಲ್ಲ ಹೋಟೆಲುಗಳ ಮಿಷನ್ ಅವನಿಗೇ ಒಪ್ಪಿಸುವುದಾಗಿ ಕಲ್ಯಾಣದ ಹೋಟೆಲ್ ಮಾಲೀಕರೊಬ್ಬರು ಹೇಳಿದ್ದರು. ಆಯುಧಪೂಜೆಗೆ ನಮ್ಮಲ್ಲಿ ಬಂದಾಗ ಅವರು ಅದನ್ನು ನೋಡುವುದೆಂದಾಯಿತು. ಅಂದು ಬೆಳಿಗ್ಗೆ ಇವನು ಏನೋ ಶುರು ಮಾಡಿ, "ಬಿಲ್ಲುಗಳನ್ನು ವಿಂಗಡಿಸ್ತಾ ಉಂಟು ಮಾವ, ಬಂದ್ ಮಾಡ್ಬೇಡಿ" ಎಂದು ಸ್ನಾನಕ್ಕೆ ಹೋದ.

ಗ್ರೈಂಡರಿಗೂ ರಜೆ ಇರುವ ದಿನ ಇದೊಂದನ್ನು ದುಡಿಸುವುದೇ? ಪ್ಲಗ್ ಕಿತ್ತೆ. ಪ್ಲಗ್ಗಿಗೂ ಕುಂಕುಮ ಹಚ್ಚಿ, ಮಿಷನ್ನಿಗೆ ಚೆಂಡುಹೂವಿನ ಮಾಲೆ ಹಾಕಿದೆ.

ಪೂಜೆ ಮುಗಿದ ಮೇಲೆ ಪ್ಲಗ್ ಹಾಕಿ ಎಲ್ಲರೆದುರು ಚಾಲೂ ಮಾಡಿದರೆ ಬಿಲ್ ಬರಲೇ ಇಲ್ಲ.

"ಇದೇನಾ ನಿಮ್ಮ ಫಾಸ್ಟ್?" ಎಂದು ಕಲ್ಯಾಣದವರು ನಕ್ಕರು.

ನನಗೆ ಗಾಬರಿ. "ಇವನೇ ಏನೋ ಹಾಳು ಮಾಡಿಟ್ಟಿದ್ದಾನೆ. ಇವನ ಕೈಗೆ ಮಿಷನ್ ಕೊಡ್ಬೇಡಿ" ಎಂದುಬಿಟ್ಟೆ.

ಅವನು ಮಿಷನ್ನಿನ ಹಿಂದೆ ಬಗ್ಗಿದ. ಪ್ಲಗ್ಗಿನ ಕುಂಕುಮ ಅವನ ಬೆರಳಿಗೆ ಹತ್ತಿತು. ನನ್ನನ್ನು ನೋಡಿದ. ಪ್ಲಗ್ ಕಿತ್ತವನು ನಾನೆಂದು ಅವನು ಒಂದು ಮಾತು ಆಡಿದ್ದರೆ ಸಾಕಿತ್ತು.

"ಹೌದು, ನನ್ನದೇ ಮಿಸ್ಟೇಕ್" ಎಂದು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

ಕಲ್ಯಾಣದವರು ಪ್ರಸಾದ ತೆಗೆದುಕೊಂಡು ಹೊರಟುಹೋದರು. ಇವನು ಊಟಕ್ಕೂ ಏಳದೆ ಎಲ್ಲ ಸರಿಪಡಿಸಿದ. ಈಗ ನಮ್ಮಲ್ಲಿ ಗಿರಾಕಿ ಕೈ ತೊಳೆಯುವ ಮೊದಲೇ ಬಿಲ್ ಬರುತ್ತದೆ. ಅವನು ಮಾತ್ರ ನವಿ ಮುಂಬೈಯ ಯಾವುದೋ ಆಫೀಸಿನಲ್ಲಿ ಮತ್ತೆ ನೌಕರಿಗೆ ಸೇರಿದ. ಸ್ವಂತ ಧಂದೆಯ ಮಾತು ಎತ್ತಲಿಲ್ಲ. ಹಬ್ಬಕ್ಕೆ ಬಂದರೆ ಈಗಲೂ ನನ್ನ ಕಾಲು ಮುಟ್ಟುತ್ತಾನೆ. ನಾನು ಆಶೀರ್ವಾದ ಮಾಡುತ್ತೇನೆ. ಕೇಳಬೇಕಾದ ಕ್ಷಮೆಯನ್ನು ಮಾತ್ರ ಇನ್ನೂ ಕೇಳಿಲ್ಲ, ನನ್ನ ಸುಧೀಂದ್ರನಲ್ಲಿ.