ಗೋಡೆಯ ಹೊರಗಿನ ಆಹೇರ

ವಿಲಾಯತಿ ರಾಕ್ ಹಾಡುಗಾರರಿಗೆ ಟವೆಲ್ಲು, ಗಾಂಧಿ ಟೋಪಿ, ಒಂದು ತೆಂಗಿನಕಾಯಿ ಕೊಟ್ಟು ಆಹೇರ ಮಾಡಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ. ಅವರು ನನ್ನ ಷಡ್ಡಕರು, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಹಾಗಂತ ಅವರು ಹತ್ತು ವರ್ಷ ನಂಬಿದ್ದರು. ನಂಬಿಸಿದವನು ನಾನು. ಈಗ ನನಗೆ ಎಪ್ಪತ್ತೆಂಟು. ಇನ್ನು ಮುಚ್ಚಿಟ್ಟು ಯಾರಿಗೆ ಏನು ಲಾಭ?

ಬೆಳಗಾವಿ ಕಡೆಯ ಹಳ್ಳಿಯಿಂದ ಪುಣೆಗೆ ಬಂದು ಹಡಪಸರದ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದವರಿಗೆ ರಾಕ್ ಸಂಗೀತದ ಹುಚ್ಚು ಎಲ್ಲಿಂದ ಹಿಡಿಯಿತು ಎಂದು ನೀವು ಕೇಳಬಹುದು. ಯಂತ್ರ ಜೋಡಿಸಲು ಬಂದಿದ್ದ ಜರ್ಮನ್ ಎಂಜಿನಿಯರೊಬ್ಬ ಊರಿಗೆ ಮರಳುವಾಗ ಒಂದು ಟೇಪ್ ರೆಕಾರ್ಡರನ್ನೂ ಮೂರು ಕ್ಯಾಸೆಟ್ಟುಗಳನ್ನೂ ಇವರಿಗೆ ಕೊಟ್ಟುಹೋದ. ಅಷ್ಟೇ. ಮರುದಿನದಿಂದ ಅವರ ಮನೆಯಲ್ಲಿ ಬೆಳಗಿನ ಸುಪ್ರಭಾತವೇ ಬದಲಾಯಿತು!

"ಇವರು ಅದನ್ನ ಹಚ್ಚಿದ್ರ ಒಲಿ ಮ್ಯಾಲಿನ ಹಾಲು ಒಡೀತಾವ" ಎಂದು ನನ್ನ ಹೆಂಡತಿಯ ಅಕ್ಕ ದೂರುತ್ತಿದ್ದರು.

"ಒಡದ್ರ ಕುಂದಾ ಮಾಡು" ಎನ್ನುತ್ತಿದ್ದರು ಇವರು.

ಹಾಡಿನ ಮಾತು ಒಂದಾದರೂ ತಿಳಿಯುತ್ತದೆಯೇ ಎಂದು ನಾನೊಮ್ಮೆ ಕೇಳಿದೆ. "ತಿಳದ್ರ ಹಾಡು ಕೆಡತದ ತಮ್ಮಾ. ಅಂವ ಒದರೂದು ಕೇಳು. ನಮ್ಮೂರ ಬಯಲಾಟದಾಗ ರಾಜನ ಪಾರ್ಟಿನಾಂವ ಹಿಂಗ ಒದರತಿದ್ದ" ಎಂದರು.

ಆ ಬಯಲಾಟದಿಂದಲೇ ಎಲ್ಲ ತೊಂದರೆ ಶುರುವಾದದ್ದು. ಅವರ ಊರಿನಲ್ಲಿ ಆಟಕ್ಕೆ ಟಿಕೆಟ್ಟು ಎಂಬುದು ಇರಲಿಲ್ಲ. ಆಟ ನಡೆದಿರುವಾಗ ಒಂದು ಹಾಡು ಮನಸ್ಸಿಗೆ ಬಂದರೆ ಕೇಳುವವರೊಳಗಿಂದ ಒಬ್ಬ ಎದ್ದು ಹೋಗಿ ಹಾಡಿದವನಿಗೆ ಟವೆಲ್ ಹೊದಿಸಿ, ಟೋಪಿ ಇಟ್ಟು, ಕಾಯಿ ಕೊಡುತ್ತಿದ್ದ. ಅದು ಆಹೇರ. ಹಾಡಿಗೆ ಬೆಲೆ ಕಟ್ಟುವುದು ಕೇಳಿದವನ ಹಕ್ಕು, ಅದೂ ಕೇಳಿದ ಮೇಲೆ. ಕೇಳಿ ಏನೂ ಕೊಡದೆ ಎದ್ದು ಹೋಗುವವನನ್ನು ಊರಲ್ಲಿ ಬಿಟ್ಟಿ ಕಿವಿಯವನು ಎನ್ನುತ್ತಿದ್ದರಂತೆ. ನನ್ನ ಷಡ್ಡಕರಿಗೆ ಅದಕ್ಕಿಂತ ದೊಡ್ಡ ಬೈಗುಳ ಗೊತ್ತಿರಲಿಲ್ಲ.

ಇಂಥವರು ತೊಂಬತ್ತರ ದಶಕದ ನಡುವೆ ಪುಣೆಯಲ್ಲಿ ಮೊದಲ ಸಲ ರಾಕ್ ಕಾರ್ಯಕ್ರಮದ ಟಿಕೆಟ್ ಕಿಟಕಿಗೆ ಹೋದರು. ಜೊತೆಗೆ ನಾನೂ ಇದ್ದೆ. ಬೆಲೆ ಅವರ ಸೈಕಲ್ಲಿನ ಎರಡು ಟೈರಿನಷ್ಟಿತ್ತು. ಅವರು ಕಿಟಕಿಯೊಳಗೆ ತಲೆ ತೂರಿಸಿ ಮರಾಠಿಯಲ್ಲಿ, "ದೋನ ಘೇತ್ಲೆ ತರ ಕಿತೀ?" ಎಂದರು. ಎರಡು ತೆಗೆದುಕೊಂಡರೆ ಎಷ್ಟಕ್ಕೆ ಕೊಡುತ್ತೀ ಎಂದು!

ಒಳಗಿದ್ದ ಹುಡುಗಿ, "ಕಾಕಾ, ಹೀ ಮಂಡಈ ನಾಹೀ" ಎಂದಳು. ಇದು ತರಕಾರಿ ಮಾರ್ಕೆಟ್ ಅಲ್ಲ ಅಂತ.

"ಮಂಡಈತ ಚಾಖಾಯಲಾ ತರೀ ದೇತಾತ!" ಎಂದರು ಇವರು. ಅಲ್ಲಾದರೆ ರುಚಿ ನೋಡಲಿಕ್ಕಾದರೂ ಕೊಡುತ್ತಾರಂತೆ!

ಹಿಂದೆ ನಿಂತಿದ್ದ ಉದ್ದಗೂದಲಿನ ಸಾಲು ಹೋ ಎಂದು ನಕ್ಕಿತು. ಇವರು ನಗಲಿಲ್ಲ. ದಾರಿಯುದ್ದಕ್ಕೂ ಗೊಣಗಿದರು. "ಕೇಳೂಕಿಂತ ಮೊದಲ ರೊಕ್ಕ ಕೊಡು ಅಂದ್ರ, ಉಣ್ಣೂಕಿಂತ ಮೊದಲ ತೇಗು ಅಂದಂಗಾತು. ಆ ಹಾಡುಗಾರಗ ಸ್ವಂತ ವಿಮಾನ ಅದ ಅಂತ ಪೇಪರ್‌ನ್ಯಾಗ ಬಂದದ. ವಿಮಾನ ಇದ್ದಾಂವ ನನ್ನ ಸೈಕಲ್ ಟೈರಿಗೆ ಯಾಕ ಕಣ್ಣು ಹಾಕ್ಯಾನ?"

ಟಿಕೆಟ್ ಕೊಳ್ಳದೆ ಇಬ್ಬರೂ ಮನೆ ಸೇರಿದೆವು.

ಕೊನೆಗೆ ಅವರೇ ಒಂದು ದಾರಿ ಕಂಡುಕೊಂಡರು. ಕಾರ್ಯಕ್ರಮ ನಡೆಯುತ್ತಿದ್ದದ್ದು ಯೆರವಡಾ ಕಡೆಯ ಒಂದು ಮೈದಾನದಲ್ಲಿ. ಅದರ ಹಿಂದಿನ ಗೋಡೆಯ ಬಳಿ ಕಬ್ಬಿನ ಹಾಲಿನ ಗಾಡಿಯೊಂದು ನಿಲ್ಲುತ್ತಿತ್ತು. ಅದರ ಪಕ್ಕದಲ್ಲಿ ಮಡಚುವ ಸ್ಟೂಲು ಹಾಕಿಕೊಂಡು ಕುಳಿತರೆ ವೇದಿಕೆ ಕಾಣದಿದ್ದರೂ ಹಾಡು ಎದೆಗೇ ಬಂದು ಬಡಿಯುತ್ತಿತ್ತು. ಅಲ್ಲಿದ್ದ ರಿಕ್ಷಾದವನೊಬ್ಬ ಸ್ನೇಹದಿಂದ, "ಕಾಕಾ, ಇಥೇ ಸಗಳ ಫುಕಟ!" ಎಂದ. ಇಲ್ಲಿ ಎಲ್ಲ ಬಿಟ್ಟಿ ಎಂದದ್ದೇ ತಡ, ಇವರು ಸ್ಟೂಲಿನಿಂದ ಎದ್ದು ನಿಂತು ಕೈಚೀಲ ಬಿಚ್ಚಿ ತೋರಿಸಿದರು. ಒಳಗೆ ಮೂರು ಅಳತೆಯ ಮೂರು ಟವೆಲ್ಲು, ಒಂದು ಟೋಪಿ, ಒಂದು ಕಾಯಿ. ಟವೆಲ್ಲಿನ ಮೂಲೆಯಲ್ಲಿ ಕೆಂಪು ದಾರದಿಂದ 'ಗೋಡೆ ಹೊರಗಿನವರ ಆಹೇರ' ಎಂದು ಹೆಂಡತಿಯ ಕೈಯಿಂದ ಹೊಲಿಸಿದ್ದರು. ಮದುವೆಯಲ್ಲಿ ಪಾತ್ರೆ ಆಹೇರ ಮಾಡುವಾಗ ಹೆಸರು ಕೊರೆಸುತ್ತಾರಲ್ಲ, ಹಾಗೆ.

ಇನ್ನು ನನ್ನ ವಿಷಯ. ನಾನು ಎಸ್ಸೆಸ್ಸಿ, ಅಂದರೆ ಮೆಟ್ರಿಕ್, ಓದಿದವನು. ಪೆಂಡಾಲು ಹಾಕುವ ಗುತ್ತಿಗೆದಾರರೊಬ್ಬರ ಕೈಕೆಳಗೆ ಕುರ್ಚಿ, ಬೊಂಬು, ವಾಯರುಗಳನ್ನು ನೋಡಿಕೊಳ್ಳುತ್ತಿದ್ದೆ. ಆ ಮೈದಾನದ ಕೆಲಸವೆಲ್ಲ ನಮ್ಮದೇ. ನನ್ನ ಕೊರಳಲ್ಲಿ ವೇದಿಕೆಯ ಹಿಂದೆ ಹೋಗುವ ಪಾಸು ನೇತಾಡುತ್ತಿತ್ತು. ನಾಲ್ಕು ಹಾಡಾಗಿ ಹಾಡುಗಾರ ದಣಿವಾರಿಸಿಕೊಳ್ಳುವಾಗ ನಾನು ಹಿಂದಿನ ಗೇಟಿನಿಂದ ಹೊರಗೆ ಬರಬೇಕು. ಅವರು ಹಾಡಿನ ಯೋಗ್ಯತೆ ನೋಡಿ ಟವೆಲ್ ಆರಿಸಿ ಕೊಡುತ್ತಾರೆ. ನಾನು ಒಯ್ದು ಹಾಡುಗಾರನಿಗೆ ಹೊದಿಸಬೇಕು. ಏರ್ಪಾಡು ಇಷ್ಟೇ.

ಮೊದಲ ಸಲ ನಾನು ನಿಜವಾಗಿಯೂ ಒಯ್ದೆ. ವೇದಿಕೆಯ ಹಿಂದೆ ಹರಿದ ಜೀನ್ಸಿನವರು, ಕಿವಿಯಲ್ಲಿ ರಿಂಗು ಹಾಕಿದವರು, ಫಟಫಟ ಇಂಗ್ಲಿಷು. ನನ್ನ ಕೈಯಲ್ಲಿ ತೆಂಗಿನಕಾಯಿ! ಒಬ್ಬ ಹುಡುಗಿ ನನ್ನನ್ನು ನೋಡಿ, ಕಾಯಿಯನ್ನು ನೋಡಿ, ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ಅಲ್ಲಿಂದಲೇ ತಿರುಗಿ ಜನರೇಟರ್ ಗಾಡಿಯ ಸೀಟಿನ ಕೆಳಗೆ ಎಲ್ಲವನ್ನೂ ತುರುಕಿದೆ. ಯಾರೂ ನನ್ನನ್ನು ತಡೆದಿರಲಿಲ್ಲ. ನಾಚಿಕೆ ತಡೆಯಿತು, ಅಷ್ಟೇ.

ಹೊರಗೆ ಬಂದಾಗ ಅವರು ಸ್ಟೂಲಿನ ತುದಿಯಲ್ಲಿ ಕುಳಿತಿದ್ದರು. "ಕೊಟ್ಯಾ?"

"ಕೊಟ್ಟೆರಿ ಅಣ್ಣಾರ."

"ಏನಂದಾ?"

ಅಲ್ಲಿಗೆ ಸುಮ್ಮನಾಗಿದ್ದರೆ ಪಾಪ ಸಣ್ಣದಾಗುತ್ತಿತ್ತು. ಆದರೆ ನನ್ನ ನಾಲಿಗೆ! "ಕಣ್ಣಾಗ ನೀರು ತಂದನ್ರಿ. ನಮ್ಮ ದೇಶದಾಗ ಚಪ್ಪಾಳೆ ಹೊಡೀತಾರ, ಆದ್ರ ಹಿಂಗ ಯಾರೂ ಮೈಗೆ ಬಟ್ಟಿ ಹೊದಿಸಿಲ್ಲ ಅಂದ."

ಅವರ ಮುಖ ಅರಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಆ ಮುಖಕ್ಕಾಗಿ ಮುಂದಿನ ಸಲ ಇನ್ನಷ್ಟು ಬಣ್ಣ ಹಚ್ಚಿದೆ. ಒಬ್ಬ ಟೋಪಿ ಹಾಕಿಕೊಂಡೇ ಕನ್ನಡಿ ನೋಡಿದ. ಒಬ್ಬ ಕಾಯಿಯನ್ನು ತನ್ನ ತಾಯಿಗೆ ಒಯ್ಯುತ್ತೇನೆ ಎಂದ. ಹೀಗೆ ಒಂಬತ್ತು ಆಹೇರ. ಕಾಯಿಗಳು ನಮ್ಮ ಮನೆಯಲ್ಲಿ ಚಟ್ನಿಯಾದವು. ಟವೆಲ್ಲು, ಟೋಪಿ ಅಟ್ಟದ ಮೇಲಿನ ಟ್ರಂಕು ಸೇರಿದವು. ಕೆಂಪು ದಾರದ ಆ ಅಕ್ಷರ ನೋಡಿಕೊಂಡು ಮೈ ಒರೆಸಿಕೊಳ್ಳುವಷ್ಟು ದೊಡ್ಡ ಕಳ್ಳ ನಾನಾಗಿರಲಿಲ್ಲ.

ಅತ್ತ ಟಿಕೆಟ್ಟಿನ ಬೆಲೆ ಏರುತ್ತಲೇ ಇತ್ತು. ಎರಡು ಟೈರು ಹೋಗಿ ಇಡೀ ಸೈಕಲ್ಲಾಯಿತು. ಮುಂದಿನ ಸಾಲಿನಲ್ಲಿ ಸೋಫಾ ಬಂತು. ಬೆಲೆ ಏರಿದಂತೆಲ್ಲ ಇವರ ಟವೆಲ್ಲು ಚಿಕ್ಕದಾಗುತ್ತಿತ್ತು. ಎರಡು ತಾಸು ತಡವಾಗಿ ಬಂದು, ಕ್ಯಾಸೆಟ್ ಹಚ್ಚಿ ಬರೀ ತುಟಿ ಆಡಿಸುತ್ತಿದ್ದಾನೆಂದು ಅಲ್ಲೇ ಸುದ್ದಿಯಾದ ಒಬ್ಬ ಶ್ರೀಮಂತ ಹಾಡುಗಾರನಿಗೆ ಒಂದು ಕರವಸ್ತ್ರ ಕಳಿಸಿದರು. "ಅಂವಗ ಹೇಳು, ಮುಂದಿನ ಸಲಾ ಖರೇ ಹಾಡಿದ್ರ ಟವೆಲ್ ಮಾಡಿ ಕೊಡ್ತಾರ ಅಂತ." ನಾನು ಹೇಳಿದೆ ಎಂದೆ. ಅವನು ತಲೆ ತಗ್ಗಿಸಿದ ಎಂದೂ ಸೇರಿಸಿದೆ. ನನಗೆ ನಾಚಿಕೆಯಾಗಬೇಕು!

ಸಿಕ್ಕಿಬಿದ್ದದ್ದು ನನ್ನ ಮಗಳ ನಿಶ್ಚಿತಾರ್ಥದ ದಿನ. ನೆಂಟರು ಹೆಚ್ಚಾಗಿ ಟವೆಲ್ಲು ಕಡಿಮೆ ಬಿದ್ದವು. ಮಗಳು ಅಟ್ಟದ ಟ್ರಂಕು ತೆಗೆದಳು. ಊಟ ಮುಗಿಸಿ ಕೈ ತೊಳೆದ ದೊಡ್ಡಪ್ಪನಿಗೆ ಹೊಸ ಟವೆಲ್ ಕೊಟ್ಟಳು. ಅವರು ಕೈ ಒರೆಸಿಕೊಂಡರು. ಮೂಲೆ ನೋಡಿದರು. ನಾಲ್ಕು ಮಡಿಕೆ ಮಾಡಿ ಮೊಳೆಗೆ ಹಾಕಿದರು. ಬಂದು ಎಲೆ ಅಡಿಕೆ ಹಾಕಿಕೊಂಡು, "ಅಡಗಿ ಭಾಳ ಛಲೋ ಆಗಿತ್ತು" ಎಂದು ಹೊರಟುಹೋದರು. ಬೈದಿದ್ದರೆ ನಾನು ಬದುಕುತ್ತಿದ್ದೆ.

ಅದರ ನಂತರ ಎರಡು ಕಾರ್ಯಕ್ರಮ ಬಂದುಹೋದವು. ಅವರು ಗೋಡೆಯ ಕಡೆ ಸುಳಿಯಲಿಲ್ಲ. ಟಿಕೆಟ್ಟಿನ ಬೆಲೆ ಕೇಳಿ ಸಿಟ್ಟಿಗೂ ಏಳಲಿಲ್ಲ. ಒಂದು ದಿನ ಅವರ ಹೆಂಡತಿ ನಮ್ಮ ಮನೆಗೆ ಬಂದು, "ಹಾಡು ಹಚ್ಚವಲ್ರು. ಹಾಲು ಒಡೀವಲ್ಲವು. ನನಗ ಇದು ಬರೋಬರಿ ಅನಸವಲ್ದು" ಎಂದು ಕಣ್ಣೊರೆಸಿಕೊಂಡರು.

ಮರುದಿನ ಟ್ರಂಕನ್ನು ರಿಕ್ಷಾದಲ್ಲಿ ಹಾಕಿಕೊಂಡು ಹಡಪಸರಕ್ಕೆ ಹೋದೆ. "ಅಣ್ಣಾರ, ಒಂದೂ ಮುಟ್ಟಿಸಿಲ್ರಿ" ಎಂದೆ. ಅವರು ಟ್ರಂಕು ತೆರೆದು ಒಂದೊಂದೇ ಹೊರಗೆ ತೆಗೆದರು. "ಇದು ಆ ಗಡ್ಡದಾಂವಂದು. ಇದು ಡ್ರಮ್ ಹರಿಯೂಹಂಗ ಬಾರಿಸಿದ್ರಲ್ಲ, ಆ ತಂಡದಾಂವಂದು." ಎಲ್ಲವನ್ನೂ ಮಂಚದ ಮೇಲೆ ಸಾಲಾಗಿಟ್ಟು ಬೆರಳಿಟ್ಟು ಎಣಿಸಿದರು.

"ಅಂದ್ರ ಒಂಬತ್ತು ಸಲಾ ನಾ ಬಿಟ್ಟಿ ಕೇಳೀನಿ" ಎಂದರು.

ನೀನು ಕದ್ದೆ ಎನ್ನಲಿಲ್ಲ. ಸುಳ್ಳ ಎನ್ನಲಿಲ್ಲ. ನಾನು ಅವರ ಕಾಲು ಹಿಡಿದೆ.

"ಒಯ್ಯಾಕ ನಾಚಿಕಿ ಬಂತೇನು?"

"ಬಂತ್ರಿ."

"ಮೊದಲ ಹೇಳಬೇಕಿಲ್ಲೋ ಹುಚ್ಚಾ? ಟೋಪಿ ಬಿಡ್ತಿದ್ದೆ."

ಆರು ತಿಂಗಳ ಮೇಲೆ ಪುಣೆಗೆ ಇನ್ನೊಂದು ವಿಲಾಯತಿ ತಂಡ ಬಂತು. ಸೋಫಾದ ಟಿಕೆಟ್ಟಿಗೆ ಹಳೆಯ ಸ್ಕೂಟರಿನ ಬೆಲೆ! ನಾನೇ ಓಡಿಹೋಗಿ ಅವರಿಗೆ ಸುದ್ದಿ ಮುಟ್ಟಿಸಿದೆ. "ಸ್ಕೂಟರೇನು? ಅದರ ಮ್ಯಾಲೆ ಕುಂದ್ರಿಸಿ ಮನಿಗೆ ಬಿಟ್ಟು ಬರ್ತಾನೇನು ಅಂವಾ?" ಎಂದು ಅವರು ಗುಡುಗಿದರು. ಅಡುಗೆಮನೆಯಲ್ಲಿ ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ಅಂದು ನಾಲ್ಕನೆಯ ಹಾಡಾದ ಮೇಲೆ ಗೋಡೆಯ ಬಳಿ ಹೋದೆ. ಅವರು ಚೀಲದಿಂದ ಎಲ್ಲಕ್ಕಿಂತ ದೊಡ್ಡ ಟವೆಲ್ ತೆಗೆದು ನನ್ನತ್ತ ಚಾಚಿದರು.

"ಮತ್ತ ನನ್ನ ಕೈಯಾಗ ಕೊಡ್ತೀರೇನ್ರಿ?"

"ಮತ್ತ್ಯಾರ ಕೈಯಾಗ ಕೊಡ್ಲಿ? ಪಾಸು ಇರೂದು ನಿನ್ನ ಕೊರಳಾಗ."

ಟೋಪಿ ಅವರು ಕೊಡಲಿಲ್ಲ. ನಾನೇ ಕೇಳಿ ತೆಗೆದುಕೊಂಡೆ.

ಹಾಡುಗಾರ ವೇದಿಕೆಯ ಹಿಂದೆ ಪೆಟ್ಟಿಗೆಯೊಂದರ ಮೇಲೆ ಕುಳಿತು ನೀರು ಕುಡಿಯುತ್ತಿದ್ದ. ನನ್ನಷ್ಟೇ ವಯಸ್ಸಾದ ಮನುಷ್ಯ. ಮೈಯೆಲ್ಲ ಬೆವರು. ಹತ್ತಾರು ಜನ ನೋಡುತ್ತಿದ್ದಂತೆ ನಾನು ಹೋಗಿ ಟವೆಲ್ ಹೊದಿಸಿದೆ, ಟೋಪಿ ಇಟ್ಟೆ, ಕಾಯಿ ಕೊಟ್ಟೆ. ಗೋಡೆಯ ಕಡೆ ಬೆರಳು ಮಾಡಿ, "ಸರ್, ಔಟ್‌ಸೈಡ್ ವಾಲ್. ಯೂ ಸಿಂಗ್, ಹೀ ಗಿವ್" ಎಂದೆ. ನನ್ನ ಇಂಗ್ಲಿಷು ಅಲ್ಲಿಗೆ ಮುಗಿಯಿತು. ಅವನು ಕಾಯಿಯನ್ನು ಕಿವಿಯ ಬಳಿ ಅಲುಗಾಡಿಸಿ ನೋಡಿದ. ಟವೆಲ್ಲಿನಿಂದ ಮುಖ ಒರೆಸಿಕೊಂಡ. ಏನೋ ಹೇಳಿದ. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡೇ ವೇದಿಕೆಯ ಮೆಟ್ಟಿಲು ಹತ್ತಿ ಹೋದ.

ಹೊರಗೆ ಬಂದೆ.

"ಕೊಟ್ಯಾ?"

"ಕೊಟ್ಟೆರಿ."

"ಏನಂದಾ?"

"ಏನೋ ಅಂದನ್ರಿ. ನನಗ ತಿಳೀಲಿಲ್ಲ."

ಅವರು ನನ್ನ ಮುಖವನ್ನೇ ನೋಡಿದರು. "ಹಂಗಾರ ಖರೇ ಕೊಟ್ಟೀ" ಎಂದರು. "ಒಂಬತ್ತು ಸಲಾ ನಿನಗ ಅವರ ಇಂಗ್ಲಿಷು ಭಾಳ ಛಲೋ ತಿಳೀತಿತ್ತು."

ಆಮೇಲೆ ಸ್ಟೂಲಿನ ಅರ್ಧ ನನಗೆ ಬಿಟ್ಟು ಸರಿದು ಕುಳಿತರು. ಉಳಿದ ಹಾಡುಗಳು ಮುಗಿಯುವವರೆಗೂ ನನ್ನ ಹೆಗಲ ಮೇಲಿಟ್ಟ ಕೈ ತೆಗೆಯಲಿಲ್ಲ.